ಮಬ್ಬಾದ ಹೆಡ್‌ಲೈಟ್ ಕವರ್ ಅನ್ನು ಮನೆಯಲ್ಲೇ ತಿಳಿಗೊಳಿಸುವ ಕ್ರಮ: ಸಮಗ್ರ ಮಾರ್ಗದರ್ಶಿ

ಟೂತ್‌ಪೇಸ್ಟ್ ಹಚ್ಚಿ ಉಜ್ಜಿದ ದಿನ ಚೆನ್ನಾಗಿ ಹೊಳೆದ ಹೆಡ್‌ಲೈಟ್ ಎರಡು ಮೂರು ತಿಂಗಳಲ್ಲಿ ಮತ್ತೆ ಹಳದಿಗಟ್ಟಿತು ಎನ್ನುವವರಿದ್ದಾರೆ. ವಾಟರ್ ಪೇಪರ್, ಅಂದರೆ ನೀರು ಹಾಕಿ ಬಳಸುವ ಉಜ್ಜುಕಾಗದ, ಹಿಡಿದು ಉಜ್ಜಿದ ಮೇಲೆ ಕವರ್ ಮೊದಲಿಗಿಂತಲೂ ಬಿಳಿಚಿಕೊಂಡಿತು ಎನ್ನುವವರಿದ್ದಾರೆ. ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಲೇಪನ ಹೊಡೆದರೂ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಅಂಚಿನಿಂದ ಎದ್ದುಬಂತು ಎನ್ನುವವರೂ ಇದ್ದಾರೆ. ಈ ಮೂರು ದೂರುಗಳಲ್ಲಿ ಸಾಮಾನ್ಯವಾಗಿ ದೋಷವಿರುವುದು ಸಾಮಗ್ರಿಯಲ್ಲಿ ಅಲ್ಲ, ಕೆಲಸದ ಅನುಕ್ರಮದಲ್ಲಿ. ಕೊನೆಗೆ ಹಚ್ಚುವ ರಕ್ಷಣಾ ಲೇಪನ ಯಾವುದೆಂದು ಮೊದಲೇ ತೀರ್ಮಾನಿಸಿಕೊಂಡು, ಉಜ್ಜುವಿಕೆಯನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಅದಕ್ಕೆ ತಕ್ಕಂತೆ ಗೊತ್ತುಮಾಡಿಕೊಂಡರೆ ಕೆಲಸ ಬಾಳಿಕೆ ಬರುತ್ತದೆ. ಹೊಳಪು ಬಂದ ಮೇಲೆ ಲೇಪನದ ವಿಚಾರ ನೋಡೋಣ ಎಂದು ಹೊರಟರೆ ಶ್ರಮವೆಲ್ಲ ವ್ಯರ್ಥವಾಗುತ್ತದೆ.

ಈಗಿನ ಕಾರುಗಳ ಹೆಡ್‌ಲೈಟ್ ಕವರ್ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದ್ದು. ಕಲ್ಲು ಸಿಡಿದರೂ ಸುಲಭವಾಗಿ ಒಡೆಯದಷ್ಟು ಅದು ಗಟ್ಟಿ. ಆದರೆ ಅದರ ಮೇಲ್ಮೈ ಮೃದು, ಮತ್ತು ಬಿಸಿಲಿನ ಅತಿನೇರಳೆ ಕಿರಣವನ್ನು ಅದು ತಾಳಿಕೊಳ್ಳಲಾರದು. ಆದ್ದರಿಂದ ಕಾರ್ಖಾನೆಯಲ್ಲೇ ಅದರ ಮೇಲೆ ಗಟ್ಟಿಯಾದ ತೆಳು ಲೇಪನವೊಂದನ್ನು ಕೊಟ್ಟಿರುತ್ತಾರೆ. ವರ್ಷಗಟ್ಟಲೆ ಬಿಸಿಲು ಬಿದ್ದು ಈ ಲೇಪನ ಹಳದಿಗಟ್ಟುತ್ತದೆ, ಸೀಳುತ್ತದೆ, ತೇಪೆ ತೇಪೆಯಾಗಿ ಉದುರುತ್ತದೆ. ನಮ್ಮ ಕಣ್ಣಿಗೆ ಕಾಣುವ ಮಬ್ಬಿನಲ್ಲಿ ಹೆಚ್ಚಿನ ಪಾಲು ಸತ್ತುಹೋದ ಈ ಲೇಪನದ್ದೇ. ಅದನ್ನು ಪೂರ್ತಿಯಾಗಿ ತೆಗೆದು ಹೊಸ ಲೇಪನ ಕೊಡುವುದೇ ಇಲ್ಲಿನ ಕೆಲಸ. ಬರೀ ತೆಗೆದು ಬಿಟ್ಟರೆ ಪ್ಲಾಸ್ಟಿಕ್ಕನ್ನು ಬೆತ್ತಲೆಯಾಗಿ ಬಿಸಿಲಿಗೊಡ್ಡಿದಂತಾಗುತ್ತದೆ.

ಹಂತ 1: ಮಬ್ಬು ಎಲ್ಲಿದೆ ಎಂದು ಮೊದಲು ಪತ್ತೆಮಾಡಿ

ಹೆಡ್‌ಲೈಟನ್ನು ತೊಳೆದು ಒಣಗಿಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಉಗುರಿನಿಂದ ಸವರಿದಾಗ ತರಿತರಿಯಾಗಿ ಸಿಕ್ಕರೆ, ಹಳೆ ಲೇಪನದ ಅಂಚು ಭೂಪಟದ ಗಡಿರೇಖೆಯ ಹಾಗೆ ಅಂಕುಡೊಂಕಾಗಿ ಕಂಡರೆ, ತೊಂದರೆ ಹೊರಮೈಯಲ್ಲಿದೆ. ಅದನ್ನು ಮನೆಯಲ್ಲೇ ಸರಿಪಡಿಸಬಹುದು. ಕವರಿಗೆ ನೀರು ಚಿಮುಕಿಸಿ ನೋಡುವುದು ಇನ್ನೂ ಒಳ್ಳೆಯ ಪರೀಕ್ಷೆ. ಒದ್ದೆಯಾದಾಗ ಮಬ್ಬು ಬಹುಪಾಲು ಮಾಯವಾಗಿ, ಒಣಗುತ್ತಿದ್ದಂತೆ ಮರಳಿ ಬಂದರೆ, ಅದು ಮೇಲ್ಮೈಯ ಗೀರುಗಳಿಂದ ಆದ ಮಬ್ಬು.

ಮೂರು ಸಂದರ್ಭಗಳಲ್ಲಿ ಕೆಲಸ ಆರಂಭಿಸಲೇಬೇಡಿ. ಮೊದಲನೆಯದು, ಒಳಗೆ ನೀರಿನ ಹನಿ ನಿಂತಿರುವುದು. ಮಳೆಯಲ್ಲಿ ಓಡಿಸಿದ ಮೇಲೆ ಒಳಗೆ ತೆಳುವಾದ ಆವಿ ಕಟ್ಟಿ, ದೀಪ ಹಚ್ಚಿದಾಗ ಸ್ವಲ್ಪ ಹೊತ್ತಿನಲ್ಲಿ ಕರಗಿದರೆ ಚಿಂತೆಯಿಲ್ಲ; ಹೆಡ್‌ಲೈಟಿನ ಗಾಳಿಕಿಂಡಿಯ ಮೂಲಕ ತೇವ ಒಳಗೆ ಹೋಗಿ ಹೊರಗೆ ಬರುವುದು ಸಹಜ. ಆದರೆ ಹನಿಗಳು ದಿನಗಟ್ಟಲೆ ಉಳಿದರೆ, ತಳದಲ್ಲಿ ನೀರು ನಿಂತರೆ, ಸೀಲ್ ಬಿಟ್ಟಿದೆ ಅಥವಾ ಹಿಂದಿನ ರಬ್ಬರ್ ಕ್ಯಾಪ್ ಸಡಿಲವಾಗಿದೆ ಎಂದರ್ಥ. ಹೊರಗೆ ಎಷ್ಟು ಉಜ್ಜಿದರೂ ಅದು ಹೋಗದು. ಎರಡನೆಯದು, ಪ್ಲಾಸ್ಟಿಕ್ಕಿನ ಆಳಕ್ಕಿಳಿದ ಕೂದಲೆಳೆ ಬಿರುಕುಗಳು. ಇವು ಉಗುರಿಗೆ ಸಿಗುವುದಿಲ್ಲ, ಟಾರ್ಚ್ ಬೆಳಕಿನಲ್ಲಿ ಮಾತ್ರ ಬಲೆಬಲೆಯಾಗಿ ಮಿನುಗುತ್ತವೆ. ಉಜ್ಜುತ್ತ ಹೋದರೆ ಕವರ್ ತೆಳುವಾಗುವುದೇ ಹೊರತು ಬಿರುಕು ಹೋಗುವುದಿಲ್ಲ. ಮೂರನೆಯದು, ಒಳಗಿನ ರಿಫ್ಲೆಕ್ಟರ್ ಕರಿಗಟ್ಟಿರುವುದು ಅಥವಾ ಅದರ ಬೆಳ್ಳಿ ಲೇಪನ ಸುಲಿದಿರುವುದು. 60/55 ವಾಟ್‌ನ ಎಚ್4 ಬಲ್ಬ್ ಇರಬೇಕಾದ ಜಾಗದಲ್ಲಿ 100/90 ವಾಟ್‌ನದನ್ನು ಹಾಕಿಸಿಕೊಂಡವರ ಗಾಡಿಗಳಲ್ಲಿ ಹೀಗಾಗುವ ಸಂಭವ ಹೆಚ್ಚು. ಅಂಥ ಹೆಡ್‌ಲೈಟಿನ ಕವರ್ ಎಷ್ಟೇ ತಿಳಿಯಾದರೂ ರಸ್ತೆಗೆ ಬೆಳಕು ಬೀಳುವುದಿಲ್ಲ.

ಅಂಬಾಸಡರ್, ಪ್ರೀಮಿಯರ್ ಪದ್ಮಿನಿಯಂಥ ಹಳೆಯ ಕಾರುಗಳ ದುಂಡು ದೀಪಗಳದ್ದು ನಿಜವಾದ ಗಾಜು. ಈ ವಿಧಾನ ಅವುಗಳಿಗೆ ಅನ್ವಯಿಸುವುದಿಲ್ಲ.

ಹಂತ 2: ಕೊನೆಯ ಲೇಪನವನ್ನು ಈಗಲೇ ಆರಿಸಿಕೊಳ್ಳಿ

ಅತ್ಯಂತ ಬಾಳಿಕೆಯದು ಟು-ಕೆ ಕ್ಲಿಯರ್ ಕೋಟ್, ಅಂದರೆ ಹಾರ್ಡ್‌ನರ್ ಬೆರೆತು ಗಟ್ಟಿಯಾಗುವ ಪಾರದರ್ಶಕ ಸ್ಪ್ರೇ. ಇದನ್ನು ಬಳಸುವುದಾದರೆ 1000 ನಂಬರಿನ ವಾಟರ್ ಪೇಪರಿನಲ್ಲೇ (ನಂಬರ್ ಹೆಚ್ಚಿದಷ್ಟೂ ಪೇಪರ್ ನಯ) ಉಜ್ಜುವಿಕೆ ನಿಲ್ಲಬೇಕು; ಪಾಲಿಶ್ ಮಾಡಲೇಬಾರದು. ಲೇಪನ ಕಚ್ಚಿಕೊಳ್ಳಲು ಆ ಸೂಕ್ಷ್ಮ ಗೀರುಗಳು ಬೇಕು, ಮತ್ತು ಅವುಗಳನ್ನು ಲೇಪನವೇ ತುಂಬಿಬಿಡುತ್ತದೆ. ಕನ್ನಡಿಯಷ್ಟು ನುಣುಪಾಗಿ ಪಾಲಿಶ್ ಮಾಡಿ ಅದರ ಮೇಲೆ ಕ್ಲಿಯರ್ ಹೊಡೆಯುವುದೇ ಲೇಪನ ಸುಲಿದು ಬರಲು ಪದೇ ಪದೇ ಕಾಣುವ ಕಾರಣ.

ಎರಡನೆಯದು, ಬಟ್ಟೆಯಿಂದ ಸವರುವ ಯುವಿ (ಅತಿನೇರಳೆ ಕಿರಣ) ರಕ್ಷಕ ದ್ರವ. ಹೆಡ್‌ಲೈಟ್ ಕಿಟ್‌ಗಳಲ್ಲಿ ಚಿಕ್ಕ ಸೀಸೆಯಲ್ಲಿ ಬರುವುದು ಇದೇ. ಇದಕ್ಕೆ 2000 ಅಥವಾ 3000 ನಂಬರಿನವರೆಗೆ ಉಜ್ಜಬೇಕಾಗುತ್ತದೆ. ಯಾವುದರಲ್ಲಿ ನಿಲ್ಲಿಸಬೇಕೆಂದು ಆ ಸೀಸೆಯ ಚೀಟಿಯಲ್ಲೇ ಬರೆದಿರುತ್ತದೆ, ಅದನ್ನು ಮೀರಬೇಡಿ. ಮೂರನೆಯದು, ಪಿಪಿಎಫ್ ಎಂಬ ಪಾರದರ್ಶಕ ಫಿಲ್ಮ್. ಫಿಲ್ಮಿನ ಕೆಳಗೆ ಸಣ್ಣ ಗೀರು ಉಳಿದರೂ ಕಾಣುವುದರಿಂದ ಈ ಮೂರರಲ್ಲಿ ಇದಕ್ಕೆ ಮಾತ್ರ ಪೂರ್ಣ ಪಾಲಿಶ್ ಬೇಕು. ವ್ಯಾಕ್ಸ್ ಅಥವಾ ಸೀಲಂಟ್ ಒಂದನ್ನೇ ನಂಬುವುದಾದರೆ, ಒಂದೆರಡು ತಿಂಗಳಿಗೊಮ್ಮೆ ತಪ್ಪದೆ ಹಚ್ಚುವ ಶಿಸ್ತು ನಿಮಗಿರಬೇಕು.

ಮೊದಲ ಸಲ ಮಾಡುವವರಿಗೆ ಸವರುವ ದ್ರವವೇ ಸುರಕ್ಷಿತ ಎಂಬುದು ನನ್ನ ಸಲಹೆ. ಟು-ಕೆ ಸ್ಪ್ರೇಯ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಇರುತ್ತದೆ. ಅದು ಶ್ವಾಸಕೋಶಕ್ಕೆ ಅಪಾಯಕಾರಿ, ಉಬ್ಬಸವನ್ನೂ ತರಬಲ್ಲದು. ಬಟ್ಟೆ ಮಾಸ್ಕ್, ಧೂಳಿನ ಮಾಸ್ಕ್ ಇದನ್ನು ತಡೆಯುವುದಿಲ್ಲ. ಸಾವಯವ ಆವಿಯನ್ನು ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್, ಕೈಗವಸು ಮತ್ತು ಕನ್ನಡಕ ಇಲ್ಲದೆ, ಗಾಳಿಯಾಡುವ ತೆರೆದ ಜಾಗವಿಲ್ಲದೆ ಅದನ್ನು ಬಳಸಬೇಡಿ. ಅಪಾರ್ಟ್‌ಮೆಂಟಿನ ನೆಲಮಾಳಿಗೆ ಪಾರ್ಕಿಂಗ್ ಇದಕ್ಕೆ ತಕ್ಕ ಜಾಗವಲ್ಲ. ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಈ ಆಯ್ಕೆಯನ್ನೇ ಕೈಬಿಡುವುದು ಒಳಿತು.

ಹಂತ 3: ಸಾಮಗ್ರಿಯನ್ನು ಪೂರ್ತಿ ಹೊಂದಿಸಿಕೊಂಡೇ ಕೈಹಚ್ಚಿ

ನೀರಿನಲ್ಲಿ ಬಳಸುವ ಕಪ್ಪು ವಾಟರ್ ಪೇಪರ್ 600, 800, 1000, 1500, 2000 ಮತ್ತು 3000 ನಂಬರಿನಲ್ಲಿ ಬೇಕು; ಲೇಪನ ತುಂಬ ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ 400 ಸಹ ಬೇಕಾಗಬಹುದು. ಮರಗೆಲಸದ ಕಂದು ಬಣ್ಣದ ಉಜ್ಜುಕಾಗದ ನೀರಿನಲ್ಲಿ ನೆನೆದು ಹರಿದುಹೋಗುತ್ತದೆ. ಸಾಮಾನ್ಯ ಹಾರ್ಡ್‌ವೇರ್ ಅಂಗಡಿಯಲ್ಲಿ 1000ಕ್ಕಿಂತ ಮೇಲಿನ ನಂಬರುಗಳು ಸಿಗುವುದು ಕಷ್ಟ. ವಾಹನಗಳ ಬಣ್ಣ ಮಾರುವ ಅಂಗಡಿಗಳಲ್ಲಿ, ಬೆಂಗಳೂರಿನವರಿಗಾದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿ ಸಾಲಿನಲ್ಲಿ ವಿಚಾರಿಸಬಹುದು. ಹರಿದು ಕೊಟ್ಟ ತುಂಡಿನ ಹಿಂಬದಿಯಲ್ಲಿ ನಂಬರ್ ಇರದಿದ್ದರೆ ಪೆನ್ನಿನಿಂದ ಅಲ್ಲೇ ಬರೆದುಕೊಳ್ಳಿ, ಏಕೆಂದರೆ ಒದ್ದೆಯಾದ ಮೇಲೆ 800 ಯಾವುದು, 1500 ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ.

ಇದರೊಂದಿಗೆ ಅಗಲವಾದ ಮಾಸ್ಕಿಂಗ್ ಟೇಪ್, ಮೆತ್ತನೆಯ ಸ್ಪಾಂಜ್ ಪ್ಯಾಡ್, ನೀರು ಚಿಮುಕಿಸುವ ಬಾಟಲಿ, ಕಾರ್ ಶಾಂಪೂ, ನಾಲ್ಕೈದು ಮೈಕ್ರೊಫೈಬರ್ ಬಟ್ಟೆ, ಜಿಡ್ಡು ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಆರಿಸಿಕೊಂಡ ಲೇಪನ ಇರಲಿ. ಪಾಲಿಶ್ ಮಾಡಬೇಕಾದವರಿಗೆ ಮಾತ್ರ ಪಾಲಿಶಿಂಗ್ ಕಾಂಪೌಂಡ್ ಮತ್ತು ಫೋಮ್ ಪ್ಯಾಡ್ ಬೇಕು. ಎರಡು ದೀಪಕ್ಕೆ ಅರ್ಧ ದಿನ ಹಿಡಿಯುತ್ತದೆ ಎಂದು ಎಣಿಸಿಕೊಂಡು ಬೆಳಗ್ಗೆಯೇ ಶುರುಮಾಡಿ.

ಬಳಸಬಾರದವುಗಳ ಬಗ್ಗೆ ಒತ್ತಿ ಹೇಳಲೇಬೇಕು. ಥಿನ್ನರ್, ಪೆಟ್ರೋಲ್, ನೈಲ್ ಪಾಲಿಶ್ ರಿಮೂವರ್‌ನ ಅಸಿಟೋನ್ ಪಾಲಿಕಾರ್ಬೊನೇಟನ್ನು ಒಳಗಿನಿಂದಲೇ ಬಿರುಕು ಬಿಡಿಸುತ್ತವೆ. ಅಮೋನಿಯಾ ಇರುವ ಗಾಜು ಒರೆಸುವ ದ್ರವವೂ ಅದಕ್ಕೆ ಹಾನಿಕರ. ಡೀಟ್ ಎಂಬ ರಾಸಾಯನಿಕ ಇರುವ ಸೊಳ್ಳೆ ನಿವಾರಕ ಸವರಿದಾಗ ಕ್ಷಣದಲ್ಲಿ ಹೊಳಪು ಬರುವುದು ನಿಜ. ಅದು ಮೇಲ್ಮೈಯನ್ನು ಕರಗಿಸಿ ಸವರುವುದರಿಂದ ಬಂದ ಹೊಳಪು, ಬೇಗನೆ ಅಂಟಂಟಾದ ಮಬ್ಬಾಗಿ ತಿರುಗುತ್ತದೆ.

ಹಂತ 4: ಸಮಯ, ಜಾಗ ಮತ್ತು ಟೇಪ್

ದೀಪ ಆರಿಸಿ ತಣ್ಣಗಾಗಿರಬೇಕು, ಕಾರು ನೆರಳಿನಲ್ಲಿರಬೇಕು. ಕರಾವಳಿ ಮತ್ತು ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ಮುಂದೂಡುವುದೇ ಲೇಸು: ತೇವದ ಗಾಳಿಯಲ್ಲಿ ಲೇಪನದೊಳಗೆ ಬಿಳಿ ಮಂಜು ಕಟ್ಟುತ್ತದೆ. ಕಲಬುರಗಿ, ರಾಯಚೂರು ಕಡೆಯ ಬೇಸಿಗೆಯಲ್ಲಿ ತೊಂದರೆ ಇದಕ್ಕೆ ತಿರುಗುಮುರುಗು. ಲೇಪನ ಸಮನಾಗಿ ಹರಡುವ ಮೊದಲೇ ಒಣಗಿಬಿಡುವುದರಿಂದ ಅಲ್ಲಿ ಬೆಳಗಿನ ಹೊತ್ತೇ ಸರಿ.

ಹೆಡ್‌ಲೈಟನ್ನೂ ಸುತ್ತಲಿನ ಬಾನೆಟ್, ಬಂಪರ್, ಫೆಂಡರ್ ಅಂಚುಗಳನ್ನೂ ಶಾಂಪೂ ಹಾಕಿ ತೊಳೆದು, ಪೂರ್ತಿ ಒಣಗಿಸಿ, ಬಣ್ಣದ ಅಂಚಿಗೆ ಎರಡು ಪದರ ಮಾಸ್ಕಿಂಗ್ ಟೇಪ್ ಅಂಟಿಸಿ. ಒಂದೇ ಪದರ ಹಾಕಿದರೆ 600 ನಂಬರಿನ ಪೇಪರ್ ಅದನ್ನು ಕ್ಷಣದಲ್ಲಿ ಹರಿದು ಬಂಪರಿನ ಬಣ್ಣವನ್ನು ತಿನ್ನುತ್ತದೆ. ಹೆಡ್‌ಲೈಟ್ ಸರಿಮಾಡಲು ಹೋಗಿ ಬಂಪರ್ ಪೇಂಟಿಂಗ್ ಖರ್ಚು ತಂದುಕೊಂಡವರು ಕಡಿಮೆಯಿಲ್ಲ. ಸ್ಪ್ರೇ ಮಾಡುವವರು ಟೇಪಿನ ಹೊರಗೆ ಹಳೆ ಪತ್ರಿಕೆ ಅಥವಾ ಪ್ಲಾಸ್ಟಿಕ್ ಹಾಳೆಯನ್ನು ವಿಂಡ್‌ಶೀಲ್ಡ್‌ವರೆಗೂ ಹೊದಿಸಬೇಕು. ಸ್ಪ್ರೇಯ ತುಂತುರು ನಾವಂದುಕೊಂಡಿದ್ದಕ್ಕಿಂತ ದೂರ ಹಾರುತ್ತದೆ.

ಹೆಡ್‌ಲೈಟನ್ನು ಬಿಚ್ಚಿ ತೆಗೆಯುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಬಿಚ್ಚುವುದೇ ಆದರೆ, ಮೊದಲು ಸಮತಟ್ಟಾದ ಜಾಗದಲ್ಲಿ ಗೋಡೆಗೆ ಎದುರಾಗಿ ಕಾರು ನಿಲ್ಲಿಸಿ, ಡಿಮ್ ಬೆಳಕಿನ ಮೇಲಂಚು ಬಿದ್ದ ಕಡೆ ಟೇಪಿನ ಗುರುತು ಹಾಕಿ, ಚಕ್ರ ನಿಂತ ಜಾಗವನ್ನೂ ಗುರುತು ಮಾಡಿಟ್ಟುಕೊಳ್ಳಿ. ಮರಳಿ ಕೂರಿಸಿದ ಮೇಲೆ ಬೆಳಕು ಅದೇ ಗುರುತಿಗೆ ಬಂದರೆ ಮಾತ್ರ ರಸ್ತೆಗಿಳಿಯಿರಿ. ಬಿಚ್ಚಿದ ದೀಪದ ಹಿಂಬದಿಯ ರಂಧ್ರಗಳನ್ನು ಟೇಪಿನಿಂದ ಮುಚ್ಚದಿದ್ದರೆ ಉಜ್ಜುವಾಗಿನ ಕೆಸರುನೀರು ಒಳಗೆ ಹೋಗುತ್ತದೆ.

ಹಂತ 5: ನೀರಿನೊಂದಿಗೆ ಉಜ್ಜುವುದು

ಇಡೀ ಕೆಲಸದಲ್ಲಿ ಹೆಚ್ಚು ಸಮಯ, ಹೆಚ್ಚು ತಾಳ್ಮೆ ಬೇಡುವ ಹಂತವಿದು. ಪೇಪರುಗಳನ್ನು ಹತ್ತು ನಿಮಿಷ ಶಾಂಪೂ ಬೆರೆತ ನೀರಿನಲ್ಲಿ ನೆನೆಹಾಕಿ. 600 ನಂಬರಿನ ತುಂಡನ್ನು ಸ್ಪಾಂಜ್ ಪ್ಯಾಡಿಗೆ ಸುತ್ತಿ, ನೀರು ಚಿಮುಕಿಸುತ್ತ, ಎಡದಿಂದ ಬಲಕ್ಕೆ ನೇರ ಗೆರೆಯಲ್ಲಿ ಹಗುರವಾಗಿ ಉಜ್ಜಿ. ಬರಿ ಬೆರಳಿನಿಂದ ಒತ್ತಿದರೆ ಬೆರಳ ತುದಿ ಬಿದ್ದ ಕಡೆ ಸಣ್ಣ ಹಳ್ಳಗಳಾಗಿ, ರಾತ್ರಿ ಬೆಳಕಿನಲ್ಲಿ ಪಟ್ಟೆಗಳು ಕಾಣುತ್ತವೆ. ಪೇಪರ್ ಮುಂದಕ್ಕೆ ಜಾರದೆ ಅಂಟಿದಂತೆ ತಡವರಿಸಿದರೆ ನೀರು ಸಾಲದು ಎಂದು ತಿಳಿಯಿರಿ. ಮೇಲೆ ಕೂತ ಕೆಸರನ್ನು ಆಗಾಗ ತೊಳೆಯಿರಿ.

ಕೆಳಗೆ ಇಳಿಯುವ ಕೆಸರನ್ನು ಗಮನಿಸುತ್ತಿರಿ. ಆರಂಭದಲ್ಲಿ ಅದು ಹಳದಿಯಾಗಿರುತ್ತದೆ. ಹಳೆ ಲೇಪನ ಹೊರಡುತ್ತಿದೆ ಎಂಬುದರ ಕುರುಹು ಅದು. ಉಜ್ಜುತ್ತ ಹೋದಂತೆ ಕೆಸರು ಬಿಳಿಯಾಗುತ್ತದೆ, ಅಂದರೆ ಪ್ಲಾಸ್ಟಿಕ್ ಸಿಕ್ಕಿತು ಎಂದರ್ಥ. ಇಡೀ ಕವರಿನಿಂದ ಬರೀ ಬಿಳಿ ಕೆಸರು ಇಳಿಯುವವರೆಗೂ ಮುಂದಿನ ನಂಬರಿಗೆ ಹೋಗುವಂತಿಲ್ಲ. ಬಾನೆಟ್ ಕಡೆಗೆ ಬಾಗಿದ ಮೇಲಿನ ಭಾಗಕ್ಕೆ ಬಿಸಿಲು ಹೆಚ್ಚು ಬೀಳುವುದರಿಂದ ಅಲ್ಲಿ ಲೇಪನ ಮೊದಲೇ ಉದುರಿರುತ್ತದೆ. ಕೆಳಗಿನ ಮೂಲೆಗಳಲ್ಲಿ ಅದು ಇನ್ನೂ ಗಟ್ಟಿಯಾಗಿ ಕೂತಿರುತ್ತದೆ. ಕೆಳಗಿನದು ತಿಳಿಯಾಗಿಯೇ ಇದೆಯಲ್ಲ ಎಂದು ಅದನ್ನು ಬಿಟ್ಟು ಮೇಲ್ಭಾಗವನ್ನಷ್ಟೇ ಉಜ್ಜಿದರೆ, ಹೊಸ ಲೇಪನದ ಕೆಳಗೆ ಹಳೆಯದರ ಅಂಚು ಗೆರೆಯಾಗಿ ಉಳಿದು, ಸುಲಿಯುವುದು ಅಲ್ಲಿಂದಲೇ ಶುರುವಾಗುತ್ತದೆ. 600ಕ್ಕೆ ಮೂಲೆಯ ಲೇಪನ ಜಗ್ಗದಿದ್ದರೆ ಅಷ್ಟು ಭಾಗಕ್ಕೆ 400 ಬಳಸಿ, ಮತ್ತೆ 600ಕ್ಕೆ ಬನ್ನಿ.

ಇನ್ನು 800. ಈ ಸಲ ಉಜ್ಜುವ ದಿಕ್ಕು ಮೇಲಿನಿಂದ ಕೆಳಕ್ಕೆ. ಹೀಗೆ ಪ್ರತಿ ನಂಬರಿಗೂ ದಿಕ್ಕು ಬದಲಾಯಿಸಿದರೆ, ಹಿಂದಿನ ಪೇಪರಿನ ಗೀರು ಉಳಿದಿದೆಯೇ ಎಂದು ಅಡ್ಡ ಗೆರೆಗಳಿಂದಲೇ ತಿಳಿಯುತ್ತದೆ. ಒರೆಸಿ, ಪೂರ್ತಿ ಒಣಗಿಸಿ, ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಒದ್ದೆಯಿದ್ದಾಗ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ತೀರ್ಪು ಕೊಡಬೇಕಾದುದು ಒಣಗಿದ ಮೇಲೆ. ಹಳೆಯ ದಿಕ್ಕಿನ ಒಂದೇ ಒಂದು ಗೆರೆ ಉಳಿದಿದ್ದರೂ ಇದೇ ನಂಬರಿನಲ್ಲಿ ಮುಂದುವರಿಸಿ. 800ರ ಗೀರನ್ನು 2000 ನಂಬರ್ ಅಳಿಸಲಾರದು, ಅದರ ಸುತ್ತಲಿನ ಭಾಗವನ್ನು ಹೊಳೆಯಿಸಿ ಗೀರನ್ನು ಇನ್ನಷ್ಟು ಎದ್ದು ಕಾಣಿಸುತ್ತದೆ, ಅಷ್ಟೆ. ನಡುವೆ ಒಂದು ನಂಬರ್ ಹಾರಿಸುವ ಆತುರವೇ ಬಿಳಿಚಿಕೊಂಡ ಹೆಡ್‌ಲೈಟಿನ ದೂರಿಗೆ ಮೂಲ.

ನಂಬರ್ ಬದಲಿಸುವಾಗಲೆಲ್ಲ ಕವರ್, ಪ್ಯಾಡ್, ಬಾಟಲಿ, ಕೈ ಎಲ್ಲವನ್ನೂ ತೊಳೆದು ನೀರನ್ನೂ ಬದಲಾಯಿಸಿ. 600ರ ಒಂದು ಹರಳು ಪ್ಯಾಡಿನಲ್ಲಿ ಉಳಿದರೂ 1500ರ ಕೆಲಸವನ್ನು ಕೆಡಿಸುತ್ತದೆ. ಕವರಿನ ಮೂಲೆಯಲ್ಲಿ ಉಬ್ಬಿ ಬಂದಿರುವ ಅಕ್ಷರ ಮತ್ತು ಗುರುತುಗಳನ್ನು ಉಜ್ಜಿ ಅಳಿಸಬೇಡಿ, ಅವುಗಳ ಸುತ್ತ ಪೇಪರನ್ನು ಸಣ್ಣದಾಗಿ ಮಡಚಿ ಉಜ್ಜಿ.

1000 ಮುಗಿದಾಗ ಕವರ್ ಸಮನಾಗಿ ಬಿಳಿಯಾಗಿ, ಉಜ್ಜಿದ ಗಾಜಿನ ಹಾಗೆ ಕಾಣುತ್ತದೆ. ಹಾಳಾಯಿತೆಂದು ಗಾಬರಿಯಾಗಬೇಕಿಲ್ಲ, ಆಗಬೇಕಾದದ್ದೇ ಹಾಗೆ. ಅದರ ಮೇಲೆ ನೀರು ಚಿಮುಕಿಸಿ. ಸೂಕ್ಷ್ಮ ಗೀರುಗಳನ್ನು ನೀರು ತುಂಬಿದಾಗ ಕವರ್ ಎಷ್ಟು ತಿಳಿಯಾಗಿ ಕಾಣುತ್ತದೆಯೋ, ಕ್ಲಿಯರ್ ಕೋಟ್ ಬಿದ್ದ ಮೇಲೂ ಸುಮಾರಾಗಿ ಅಷ್ಟೇ ತಿಳಿಯಾಗಿ ಕಾಣುತ್ತದೆ. ಒದ್ದೆಯಲ್ಲೂ ಹಳದಿ ತೇಪೆ ಕಂಡರೆ ಹಳೆ ಲೇಪನ ಉಳಿದಿದೆ, 600ಕ್ಕೆ ಹಿಂತಿರುಗಿ. ಟು-ಕೆ ಸ್ಪ್ರೇ ಆರಿಸಿಕೊಂಡವರು ಇಲ್ಲಿಗೆ ನಿಲ್ಲಿಸಿ ನೇರವಾಗಿ 7ನೇ ಹಂತಕ್ಕೆ ಹೋಗಬೇಕು. ಉಳಿದವರು ಇದೇ ಕ್ರಮದಲ್ಲಿ 1500, 2000, ಅಗತ್ಯವಿದ್ದರೆ 3000 ಮುಗಿಸಿ.

ಹಂತ 6: ಪಾಲಿಶ್, ಬೇಕಾದವರಿಗೆ ಮಾತ್ರ

ಪಿಪಿಎಫ್ ಹಾಕುವವರು ಮತ್ತು ವ್ಯಾಕ್ಸ್ ಹಚ್ಚುವವರು ಫೋಮ್ ಪ್ಯಾಡಿಗೆ ಕಡಲೆಕಾಳಿನಷ್ಟು ಕಾಂಪೌಂಡ್‌ನ ನಾಲ್ಕೈದು ಬೊಟ್ಟು ಇಟ್ಟು ಪಾಲಿಶ್ ಮಾಡಬಹುದು. ಡ್ರಿಲ್ ಮೆಷಿನ್ನಿಗೆ ಪ್ಯಾಡ್ ಜೋಡಿಸಿದರೆ ವೇಗ ಕಡಿಮೆಯಿರಲಿ, ಪ್ಯಾಡ್ ಒಂದೇ ಕಡೆ ನಿಲ್ಲದಿರಲಿ. ಆಗಾಗ ಅಂಗೈಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾದರೆ ನಿಲ್ಲಿಸಿ; ಹಾಗೇ ಮುಂದುವರಿಸಿದರೆ ಪ್ಲಾಸ್ಟಿಕ್ ಮೆತ್ತಗಾಗಿ ಸುರುಳಿ ಗುರುತುಗಳು ಬೀಳಬಹುದು. ಪಾಲಿಶಿನಲ್ಲಿ ಹೋಗದ ಗೀರಿಗೆ ಪಾಲಿಶನ್ನೇ ಒತ್ತಿ ಮಾಡುವುದರಿಂದ ಫಲವಿಲ್ಲ, ಹಿಂದಿನ ನಂಬರಿಗೆ ಹೋಗಲೇಬೇಕು.

ಹಂತ 7: ಲೇಪನಕ್ಕೆ ಮುನ್ನ ಶುದ್ಧಗೊಳಿಸುವುದು

ಕೊನೆಯ ಸಲ ತೊಳೆಯಲು ಬೋರ್‌ವೆಲ್ ನೀರು ಬೇಡ. ಗಡಸು ನೀರು ಒಣಗಿದಾಗ ಉಳಿಯುವ ಬಿಳಿ ಕಲೆ ಲೇಪನದ ಕೆಳಗೆ ಶಾಶ್ವತವಾಗಿ ಸೇರಿಕೊಳ್ಳುತ್ತದೆ. ಕುಡಿಯುವ ಫಿಲ್ಟರ್ ನೀರು ಒಂದು ಲೀಟರ್ ಸಾಕು. ಅಂಚಿನ ಸಂದುಗಳಲ್ಲಿ ನಿಂತ ಹನಿಗಳನ್ನು ಬಟ್ಟೆಯ ತುದಿಯಿಂದ ಹೀರಿ ತೆಗೆದು, ನೆನೆದ ಟೇಪನ್ನು ಕಿತ್ತು ಹೊಸದು ಅಂಟಿಸಿ. ಹಳೆ ಟೇಪಿನ ಕೆಳಗೆ ಅಡಗಿದ ಒಂದು ಹನಿ ಸ್ಪ್ರೇ ಮಾಡುವ ಹೊತ್ತಿಗೇ ಕೆಳಗೆ ಜಾರುತ್ತದೆ. ನಂತರ ಐಸೊಪ್ರೊಪೈಲ್ ಆಲ್ಕೋಹಾಲ್ ತೋಯಿಸಿದ ಸ್ವಚ್ಛ ಬಟ್ಟೆಯಿಂದ ಒಂದೇ ದಿಕ್ಕಿನಲ್ಲಿ ಒರೆಸಿ. ಇದಾದ ಮೇಲೆ ಬೆರಳು ಮುಟ್ಟಿಸಬೇಡಿ. ಚರ್ಮದ ಜಿಡ್ಡು ತಾಗಿದ ಕಡೆ ಲೇಪನ ಕೂರದೆ ಕಣ್ಣುಕಣ್ಣಾಗಿ ಬಿಡುತ್ತದೆ.

ಹಂತ 8: ರಕ್ಷಣಾ ಲೇಪನ

ಸವರುವ ದ್ರವವಾದರೆ ನೂಲು ಬಿಡದ ಬಟ್ಟೆಯನ್ನು ಮಡಚಿ, ದ್ರವ ಹಾಕಿ, ಮೇಲಂಚಿನಿಂದ ಆರಂಭಿಸಿ ಎಡದಿಂದ ಬಲಕ್ಕೆ ಒಂದೇ ಎಳೆತದಲ್ಲಿ ಸವರಿ. ಮುಂದಿನ ಎಳೆತ ಹಿಂದಿನದರ ಅಂಚನ್ನು ಸ್ವಲ್ಪ ಮುಚ್ಚಿಕೊಂಡು ಹೋಗಲಿ. ಎಲ್ಲಾದರೂ ಬಿಟ್ಟುಹೋದಂತೆ ಕಂಡರೂ ಹಿಂದಕ್ಕೆ ಹೋಗಿ ಒರೆಸಬೇಡಿ: ಅರೆ ಒಣಗಿದ ದ್ರವದ ಮೇಲೆ ಬಟ್ಟೆ ತಾಗಿದರೆ ಗೆರೆ ಬೀಳುವುದು ಖಚಿತ. ಬಿಟ್ಟುಹೋದದ್ದನ್ನು ಎರಡನೇ ಪದರ ಮುಚ್ಚುತ್ತದೆ.

ಟು-ಕೆ ಸ್ಪ್ರೇ ಕೊಳ್ಳುವಾಗಲೇ ಯುವಿ ತಡೆಯುತ್ತದೆ, ಪಾಲಿಕಾರ್ಬೊನೇಟಿಗೆ ಹೊಂದುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುವುದನ್ನು ಓದಿಕೊಳ್ಳಿ. ಮರದ ಪೀಠೋಪಕರಣಕ್ಕೆ ಹೊಡೆಯುವ ಲ್ಯಾಕರ್ ಇದಕ್ಕಾಗದು. ಡಬ್ಬಿಯ ತಳದ ಗುಂಡಿ ಒತ್ತಿ ಹಾರ್ಡ್‌ನರ್ ಬಿಡುಗಡೆ ಮಾಡಿದ ಮೇಲೆ ಅದು ಒಂದೆರಡು ದಿನದಲ್ಲಿ ಒಳಗೇ ಗಟ್ಟಿಯಾಗುವುದರಿಂದ ಎರಡೂ ದೀಪ ಸಿದ್ಧವಾಗುವವರೆಗೆ ಗುಂಡಿ ಒತ್ತಬೇಡಿ. 15ರಿಂದ 20 ಸೆಂಟಿಮೀಟರ್ ದೂರದಿಂದ, ಕವರಿನ ಹೊರಗೇ ಸ್ಪ್ರೇ ಶುರುಮಾಡಿ ಹೊರಗೇ ಮುಗಿಸುತ್ತ, ಮೊದಲು ಮಂಜು ಬಿದ್ದಷ್ಟು ತೆಳುವಾದ ಪದರ ಕೊಡಿ. ಐದರಿಂದ ಹತ್ತು ನಿಮಿಷ ಬಿಟ್ಟು ಒದ್ದೆಯಾಗಿ ಹೊಳೆಯುವಂಥ ಎರಡು ಪದರ ಕೊಡಿ. ಒಂದೇ ಪದರದಲ್ಲಿ ಮುಗಿಸುವ ಆಸೆಗೆ ಬಿದ್ದರೆ ಲೇಪನ ಕೆಳಗೆ ಇಳಿದು ಕಣ್ಣೀರಿನಂತೆ ಗಟ್ಟಿಯಾಗುತ್ತದೆ. ಕೊನೆಯ ಪದರ ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪನ್ನು ಓರೆಯಾಗಿ ನಿಧಾನವಾಗಿ ಎಳೆದು ತೆಗೆಯಿರಿ; ಮರುದಿನ ಎಳೆದರೆ ಟೇಪಿನೊಂದಿಗೆ ಲೇಪನದ ಅಂಚೂ ಕಿತ್ತು ಬರುತ್ತದೆ.

ಕೆಟ್ಟಿದ್ದರೆ ಗುರುತಿಸುವುದು, ಸರಿಪಡಿಸುವುದು

ಇಳಿದ ಹನಿ, ಕೂತ ಧೂಳಿನ ಕಣ ಮತ್ತು ತರಿತರಿ ಮೇಲ್ಮೈಯನ್ನು ಹಸಿಯಿರುವಾಗ ಮುಟ್ಟಬೇಡಿ. ಲೇಪನ ಪೂರ್ತಿ ಗಟ್ಟಿಯಾದ ಮೇಲೆ, ಅಂದರೆ ಸುಮಾರು ಒಂದು ವಾರ ಬಿಟ್ಟು, ಆ ಜಾಗವನ್ನಷ್ಟೇ 2000 ನಂಬರಿನಿಂದ ಒದ್ದೆಯಾಗಿ ಉಜ್ಜಿ ಪಾಲಿಶ್ ಮಾಡಿದರೆ ಸರಿಹೋಗುತ್ತದೆ. ಲೇಪನದೊಳಗೆ ಬಿಳಿ ಮಂಜು ಕಟ್ಟಿದ್ದರೆ, ಕಣ್ಣುಕಣ್ಣಾಗಿ ಬಿಟ್ಟಿದ್ದರೆ, ಅಂಚಿನಲ್ಲಿ ಎದ್ದಿದ್ದರೆ ತೇಪೆ ಹಾಕುವ ಪ್ರಯತ್ನ ಬೇಡ. 800ಕ್ಕೆ ಹಿಂತಿರುಗಿ ಲೇಪನವನ್ನು ಪೂರ್ತಿ ತೆಗೆದು ಮತ್ತೆ ಮಾಡಬೇಕು. ಲೇಪನ ಬಿದ್ದ ಕೂಡಲೇ ಜೇಡರ ಬಲೆಯಂಥ ಬಿರುಕು ಕಾಣಿಸಿಕೊಂಡರೆ ಆ ಲೇಪನದ ದ್ರಾವಕ ನಿಮ್ಮ ಕವರಿಗೆ ಒಗ್ಗಿಲ್ಲ ಎಂದರ್ಥ. ಇದನ್ನು ತಪ್ಪಿಸಲೆಂದೇ, ಕೆಳಗಿನ ಮೂಲೆಯಲ್ಲಿ ಹೆಬ್ಬೆರಳಗಲ ಜಾಗಕ್ಕೆ ಮೊದಲು ಹಚ್ಚಿ, ಅರ್ಧ ಗಂಟೆ ಕಾದು ನೋಡಬೇಕು.

ಹಂತ 9: ಮುಂದಿನ ಆರೈಕೆ

ಮೊದಲ 24 ಗಂಟೆ ನೀರು ತಾಗಬಾರದು, ಮೊದಲ ವಾರ ಶಾಂಪೂ ಮತ್ತು ಪ್ರೆಶರ್ ವಾಶ್ ಬೇಡ. ಆಮೇಲೂ ಪ್ರೆಶರ್ ಜೆಟ್ಟನ್ನು ಕವರಿನ ಅಂಚಿಗೆ ಹತ್ತಿರ ಹಿಡಿಯಬೇಡಿ. ಬೆಳಗ್ಗೆ ಗಾಡಿ ಒರೆಸಲು ಬರುವವರಿಗೆ, ಧೂಳು ಕೂತ ಹೆಡ್‌ಲೈಟನ್ನು ಒಣಬಟ್ಟೆಯಿಂದಾಗಲಿ, ಹತ್ತು ಗಾಡಿ ಒರೆಸಿದ ಅದೇ ಬಕೆಟ್ ನೀರಿನಿಂದಾಗಲಿ ಉಜ್ಜಬೇಡಿರೆಂದು ಸಮಾಧಾನದಿಂದ ಹೇಳಿ, ಒಂದು ಬೇರೆ ಬಟ್ಟೆಯನ್ನೇ ಕೊಡಿ. ಎರಡು ಮೂರು ತಿಂಗಳಿಗೊಮ್ಮೆ ವ್ಯಾಕ್ಸ್ ಹಚ್ಚಿದರೆ ಲೇಪನದ ಆಯುಸ್ಸು ಹೆಚ್ಚುತ್ತದೆ.

ದಿನವೂ ಒಂದೇ ಜಾಗದಲ್ಲಿ ನಿಲ್ಲುವ ಕಾರಿನಲ್ಲಿ ಬಿಸಿಲಿಗೆ ಎದುರಾದ ಬದಿಯ ದೀಪ ಮೊದಲು ಸೋಲುತ್ತದೆ, ಆದ್ದರಿಂದ ತಿಂಗಳಿಗೊಮ್ಮೆ ಎರಡನ್ನೂ ಹೋಲಿಸಿ ನೋಡಿ. ಮೇಲಂಚಿನಲ್ಲಿ ಹಳದಿ ಛಾಯೆಯಷ್ಟೇ ಕಂಡು ಲೇಪನ ಇನ್ನೂ ಗಟ್ಟಿಯಾಗಿದ್ದರೆ, ಸವರುವ ದ್ರವ ಬಳಸಿದವರು 2000 ನಂಬರಿನಿಂದ ಹಗುರವಾಗಿ ಉಜ್ಜಿ, 7ನೇ ಹಂತದಂತೆ ಶುದ್ಧಗೊಳಿಸಿ, ಇನ್ನೊಂದು ಪದರ ಕೊಟ್ಟರೆ ಸಾಕಾಗುತ್ತದೆ. ಲೇಪನ ಒಂದು ಕಡೆ ಸುಲಿದಿದ್ದರೂ 600 ನಂಬರಿನಿಂದಲೇ ಆರಂಭಿಸಬೇಕು.